ಒಂದು ದಿನ, ಎರಡು ವೈನರಿ, ಮೂರನೆಯದು ಬೇಡ

ವೈನ್ ಪ್ರವಾಸ ಮುಗಿಸಿ ಬಂದವರನ್ನು ಏನೇನು ರುಚಿ ನೋಡಿದಿರಿ ಎಂದು ಕೇಳಿ ನೋಡಿ. ಬಹುಪಾಲು ಮಂದಿಗೆ ಎರಡನೆಯ ಗ್ಲಾಸಿನ ಆಚೆ ಏನೂ ನೆನಪಿರುವುದಿಲ್ಲ. ನಸುಕಿನಲ್ಲೇ ಎದ್ದು ನಂದಿಬೆಟ್ಟದ ಸೂರ್ಯೋದಯ, ಆಮೇಲೆ ಖಾಲಿ ಹೊಟ್ಟೆಯಲ್ಲೇ ನಾಲ್ಕು ತೋಟ, ಸುರಿದದ್ದನ್ನೆಲ್ಲ ನುಂಗುವ ಹಟ. ಇಷ್ಟಾದ ಮೇಲೆ ಮಧ್ಯಾಹ್ನ ಕಾರಿನಲ್ಲಿ ಗೊರಕೆಯಲ್ಲದೆ ಇನ್ನೇನು ಕೇಳಿಸೀತು?

ಬೆಂಗಳೂರಿನವರಿಗೆ ಎರಡು ದ್ರಾಕ್ಷಿ ಸೀಮೆಗಳು ಹತ್ತಿರವಿವೆ. ಉತ್ತರಕ್ಕೆ ನಂದಿ ತಪ್ಪಲಿನ ದೊಡ್ಡಬಳ್ಳಾಪುರ. ಅಲ್ಲಿ ಗ್ರೋವರ್ ಜಂಪಾ ವೈನರಿ. ನೈಋತ್ಯಕ್ಕೆ ಚನ್ನಪಟ್ಟಣ, ಅಲ್ಲಿ ಡೊಮೇನ್ ಸುಲಾ. ಒಂದು ದಿನಕ್ಕೆ ಈ ಎರಡೇ ಸಾಕು.

ದಿನ ಗೊತ್ತುಮಾಡುವುದು

ಫೆಬ್ರುವರಿ ಅಥವಾ ಮಾರ್ಚ್ ಮೊದಲ ಭಾಗ. ಕೊಯ್ಲು ನಡೆಯುವ ಕಾಲ ಅದು. ಮಳೆಗಾಲದಲ್ಲಿ ಹೋದರೆ ಬಳ್ಳಿಯಲ್ಲಿ ಎಲೆ ಬಿಟ್ಟು ಬೇರೇನೂ ಕಾಣದು. ಭಾನುವಾರ ಬೇಡವೇ ಬೇಡ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ರಂದು ಮದ್ಯ ಸಿಗುವುದಿಲ್ಲ, ಚುನಾವಣೆಯಿದ್ದರೆ ಮತದಾನ ಮುಗಿಯುವ ಹಿಂದಿನ 48 ಗಂಟೆಯೂ ಅಷ್ಟೇ. ತೋಟ ಮತ್ತು ಪೀಪಾಯಿ ಕೋಣೆ ತೋರಿಸುವುದಕ್ಕೆ ನಿಗದಿತ ಹೊತ್ತುಗಳಿರುತ್ತವೆ, ಫೋನ್ ಮಾಡಿ ಮೊದಲೇ ಕಾಯ್ದಿರಿಸಿ. ಇಪ್ಪತ್ತೊಂದು ತುಂಬದವರನ್ನು ಕರೆದೊಯ್ಯಬೇಡಿ.

ಕಾರು

ಚಾಲಕನನ್ನು ಗೊತ್ತುಮಾಡಿ. ‘ನಾನು ಸ್ವಲ್ಪವೇ ಕುಡಿಯುತ್ತೇನೆ, ನಾನೇ ಓಡಿಸುತ್ತೇನೆ’ ಎನ್ನುವ ಗೆಳೆಯನ ಮಾತಿಗೆ ಕಿವಿಗೊಡಬೇಡಿ. ಒಂದು ವೈನರಿಯಲ್ಲಿ ಐದು ಬಗೆ, ಒಂದೊಂದು ಸುಮಾರು 30 ಮಿಲಿ ಎಂದಿಟ್ಟುಕೊಳ್ಳಿ. ಎರಡು ಕಡೆಯೂ ಎಲ್ಲವನ್ನೂ ನುಂಗಿದರೆ 300 ಮಿಲಿ, ಅಂದರೆ ಒಂದು ಬಾಟಲಿಯಲ್ಲಿ ಐದರಲ್ಲಿ ಎರಡು ಪಾಲು. ಕಾನೂನು ಒಪ್ಪುವುದು 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನು ಮಾತ್ರ. ಮೊದಲ ಸಲ ಸಿಕ್ಕಿಬಿದ್ದರೂ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಬೆಳಿಗ್ಗೆ

ಇಡ್ಲಿ ತಿಂದು ಹೊರಡಿ, ಖಾರಾಬಾತ್ ಬೇಡ. ಕೆಂಪು ವೈನಿನ ಒಗರಿಗೂ ಮೆಣಸಿನಕಾಯಿಗೂ ಆಗಿಬರುವುದಿಲ್ಲ. ನಾಲಿಗೆ ಉರಿಯುತ್ತಿರುವಾಗ ಒಗರು ಕಹಿಯಾಗಿ ತಾಗುತ್ತದೆ. ಕಾಫಿ ಬೇಕಿದ್ದರೆ ಒಂದು ಗಂಟೆ ಮೊದಲೇ ಮುಗಿಸಿ. ಸೆಂಟು ಹಾಕಿಕೊಳ್ಳಬೇಡಿ. ಮಲ್ಲಿಗೆ ಮುಡಿದು ಬರಬೇಡಿ ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ: ಒಬ್ಬರ ಮುಡಿಯ ಮಲ್ಲಿಗೆ ಇಡೀ ಮೇಜಿನವರ ಮೂಗನ್ನು ಕೆಡಿಸುತ್ತದೆ.

ರುಚಿ ನೋಡುವುದು

ಜನ ಎಡವುವುದು ಇಲ್ಲಿಯೇ. ಗ್ಲಾಸನ್ನು ಬಟ್ಟಲಿನ ಕೆಳಗಿನ ಸಪೂರ ಕಾಂಡದಲ್ಲಿ ಹಿಡಿಯಿರಿ; ಬಟ್ಟಲನ್ನು ಅಂಗೈಯಲ್ಲಿ ತಬ್ಬಿಕೊಂಡರೆ ತಣ್ಣಗಿನ ಬಿಳಿ ವೈನ್ ಬೆಚ್ಚಗಾಗಿ ಸಪ್ಪೆಯಾಗುತ್ತದೆ. ಅಲುಗಾಡಿಸದೆ ಒಮ್ಮೆ ಮೂಸಿ. ನಂತರ ಗ್ಲಾಸನ್ನು ಮೇಜಿನ ಮೇಲಿಟ್ಟೇ ಎರಡು ಸುತ್ತು ತಿರುಗಿಸಿ ಮತ್ತೆ ಮೂಸಿ. ಈ ಎರಡು ವಾಸನೆಗಳ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ವಿದ್ಯೆ ಬಂದಂತೆ. ಮಾರ್ಗದರ್ಶಕರು ಹೇಳುವ ವಿಲಾಯತಿ ಹಣ್ಣುಗಳ ಪಟ್ಟಿಗೆ ತಲೆದೂಗಬೇಡಿ, ನಿಮ್ಮ ಮೂಗಿಗೆ ಗೊತ್ತಿರುವುದನ್ನೇ ಹುಡುಕಿ. ಬಿಳಿ ವೈನಾದ ಸಾವಿನ್ಯೋನ್ ಬ್ಲಾಂಕ್‌ನಲ್ಲಿ ಸೀಬೆಕಾಯಿ, ಕೆಲವೊಮ್ಮೆ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ. ಕೆಂಪು ವೈನಾದ ಶಿರಾಜ್‌ನಲ್ಲಿ ನೇರಳೆ ಹಣ್ಣು, ಹಿಂದೆಯೇ ಕಾಳುಮೆಣಸು. ಸಿಕ್ಕದಿದ್ದರೆ ಸಿಕ್ಕಲಿಲ್ಲ ಎನ್ನಿ, ನಟಿಸಬೇಡಿ.

ಇನ್ನು ಬಾಯಿಗೆ. ಒಂದು ಗುಟುಕು, ಎಲ್ಲ ಮೂಲೆಗೂ ಹರಿದಾಡುವಷ್ಟು ಹೊತ್ತು. ನಾಲಿಗೆಯ ಅಕ್ಕಪಕ್ಕ ನೀರೂರಿದರೆ ಅದು ಹುಳಿ. ಒಸಡು ಬಿಗಿದು ಒಣಗಿದರೆ ಒಗರು. ಆಮೇಲೆ ಉಗುಳಿ. ಪೀಕದಾನಿ ಇಟ್ಟಿರುವುದೇ ಅದಕ್ಕೆ. ಮೇಜಿನ ಮೇಲೆ ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ. ‘ದುಡ್ಡು ಕೊಟ್ಟಿದ್ದೇವಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯದು. ಬಹಳ ಹಿಡಿಸಿದ ಒಂದನ್ನು ನುಂಗಿ, ಉಳಿದವನ್ನು ಉಗುಳಿ. ಕ್ರಮ ನೊರೆ ವೈನಿನಿಂದ ಶುರುವಾಗಿ ಬಿಳಿ, ನಸುಗೆಂಪಿನ ರೋಸೆ, ಕೆಂಪು, ಕೊನೆಗೆ ಸಿಹಿ. ಸಿಹಿಯನ್ನು ಮೊದಲು ಕುಡಿದವನಿಗೆ ಮುಂದಿನದೆಲ್ಲ ಹುಣಿಸೆ ನೀರು. ಎರಡು ಗ್ಲಾಸುಗಳ ನಡುವೆ ನೀರು ಕುಡಿಯಿರಿ, ಒಂದು ಚೂರು ಬ್ರೆಡ್ ತಿನ್ನಿ. ಚೀಸ್ ತಟ್ಟೆಯನ್ನು ಕೊನೆಗೆ ತರಿಸಿ; ಚೀಸ್ ಜತೆ ಕಳಪೆ ವೈನೂ ಚೆನ್ನಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಒಂದೊಂದಕ್ಕೂ ಎರಡು ಪದ ಬರೆದುಕೊಳ್ಳಿ.

ನಡುವಿನ ದಾರಿ

ದೊಡ್ಡಬಳ್ಳಾಪುರದಲ್ಲೇ ಊಟ ಮುಗಿಸಿ. ಚನ್ನಪಟ್ಟಣಕ್ಕೆ ಬೆಂಗಳೂರಿನ ಒಳಗಿನಿಂದ ಹೋಗುವ ಸಾಹಸ ಬೇಡ; ನೆಲಮಂಗಲ, ಮಾಗಡಿ, ರಾಮನಗರದ ಮೇಲೆ ಹೋಗಿ, ಮೂರು ಗಂಟೆ ಇಟ್ಟುಕೊಳ್ಳಿ. ನಾಲಿಗೆಗೂ ತಲೆಗೂ ಆ ಬಿಡುವು ಬೇಕು. ರಾಮನಗರದಲ್ಲಿ ಹಳೆಯ ಮೈಸೂರು ರಸ್ತೆಯನ್ನೇ ಹಿಡಿಯಿರಿ, ಬೈಪಾಸ್ ಹತ್ತಿದರೆ ಚನ್ನಪಟ್ಟಣವೇ ತಪ್ಪಿಹೋಗುತ್ತದೆ. ಎರಡನೆಯ ಕಡೆ ತೋಟ ಸುತ್ತುವುದನ್ನು ಬಿಟ್ಟರೂ ನಷ್ಟವಿಲ್ಲ. ಬೆಳಿಗ್ಗೆ ನೋಡಿದ ಬಗೆಗಳನ್ನೇ ಇಲ್ಲಿಯೂ ಕೇಳಿ. ಶಿರಾಜ್‌ಗೆ ಶಿರಾಜ್ ಎದುರಿಟ್ಟಾಗಲೇ ಎರಡು ವೈನರಿಗಳ ಕೈಗುಣ ತಿಳಿಯುವುದು.

ಕೊಳ್ಳುವುದು

ಬರೆದುಕೊಂಡದ್ದನ್ನು ನೋಡಿ ಕೊಳ್ಳಿ, ರಿಯಾಯಿತಿ ಫಲಕ ನೋಡಿ ಅಲ್ಲ. ಬಿಳಿ ವೈನಾದರೆ ಬಾಟಲಿಯ ಮೇಲಿನ ವರ್ಷ ಓದಿ. ಎರಡು ವರ್ಷಕ್ಕಿಂತ ಹಳೆಯದಾದರೆ ಬಿಟ್ಟುಬಿಡಿ. ಪೋರ್ಟ್ ಎಂಬ ಹೆಸರಿನಲ್ಲಿ ಮಾರುವ ಅಗ್ಗದ ಸಿಹಿ ವೈನ್‌ಗೆ ಇಷ್ಟು ದೂರ ಬರಬೇಕಿಲ್ಲ, ಬೀದಿಯ ಅಂಗಡಿಯಲ್ಲೇ ಸಿಗುತ್ತದೆ. ವೈನಿಗೆ ಗಾಳಿ ಆಡಿಸುವ ಪ್ಲಾಸ್ಟಿಕ್ ಕೊಳವೆಗಳಿಗೂ ದುಡ್ಡು ಹಾಕಬೇಡಿ. ಜಗ್ಗಿಗೆ ಸುರಿದರೆ ಅದೇ ಕೆಲಸ ಆಗುತ್ತದೆ. ಬಿಲ್ಲು ಇಟ್ಟುಕೊಳ್ಳಿ. ಮಾರ್ಚ್ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ಒಳ್ಳೆಯ ವೈನನ್ನೂ ಬೇಯಿಸಿಬಿಡುತ್ತದೆ, ಥರ್ಮೊಕೋಲ್ ಪೆಟ್ಟಿಗೆ ಒಯ್ಯಿರಿ. ಮನೆಯಲ್ಲಿ ಕೆಂಪು ವೈನನ್ನೂ ತೆರೆಯುವ ಮುನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಅದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ, ನಮ್ಮ ಬೇಸಿಗೆಯ ಅಡುಗೆಮನೆಯಲ್ಲಿ ಅಷ್ಟು ತಂಪು ಎಲ್ಲಿಯದು?