ಜರ್ಮನಿಯಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ?

ಬೆಂಗಳೂರಿನಲ್ಲಿ ಕೂತು ಬರ್ಲಿನ್‌ನ ಮನೆಗೆ ಅಡ್ವಾನ್ಸ್ ಕಳಿಸಬೇಡಿ. ಕೆಲಸಕ್ಕೆ, ಓದಿಗೆ ಅಂತ ಜರ್ಮನಿಗೆ ಹೊರಡುವ ನಮ್ಮವರಲ್ಲಿ ಬಹಳ ಜನ ಎಡವುವುದು ಇಲ್ಲೇ. ವಿಮಾನ ಇಳಿದ ದಿನವೇ ಸ್ವಂತ ಮನೆಯ ಬೀಗದ ಕೈ ಸಿಗಬೇಕು ಎಂಬ ಆತುರ. ಅಲ್ಲಿ ಮನೆ ಸಿಗುವುದು ನಿಧಾನ, ಅದರಲ್ಲೂ ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್‌ನಲ್ಲಿ. ಆ ನಿಧಾನಕ್ಕೆ ತಯಾರಾಗಿಯೇ ಹೋಗಿ.

1. ಮೊದಲು ತಾತ್ಕಾಲಿಕ ಜಾಗ

ಎರಡು ಮೂರು ತಿಂಗಳಿಗೆ ಸಾಮಾನು ಸಮೇತ ಇರುವ ಕೋಣೆಯೊಂದನ್ನು ಇಲ್ಲಿಂದಲೇ ಗೊತ್ತು ಮಾಡಿಕೊಳ್ಳಿ. ಕಂಪನಿಯೇ ಕೊಟ್ಟರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಒಂದು ಪ್ರಶ್ನೆ ಮಾತ್ರ ಬಿಡದೆ ಕೇಳಿ: "ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?"

ಆನ್‌ಮೆಲ್ಡುಂಗ್ ಎಂದರೆ ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಚೀಟಿ ಬೇಕು. ತೆರಿಗೆ ನಂಬರ್ ಅಂಚೆಯಲ್ಲಿ ಬರುವುದು ಈ ನೋಂದಣಿ ಆದಮೇಲೆ. ಆ ನಂಬರ್ ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ತೆರಿಗೆ ಜಾಸ್ತಿ ಕಡಿತವಾಗಬಹುದು. "ಬಾಡಿಗೆ ಕಡಿಮೆ, ನೋಂದಣಿ ಆಗಲ್ಲ" ಎನ್ನುವ ಕೋಣೆ ಅಗ್ಗವೇನಲ್ಲ.

ವಿದ್ಯಾರ್ಥಿಗಳು ಸೀಟು ಸಿಕ್ಕಿದ ದಿನವೇ ಸ್ಟುಡೀರೆಂಡನ್‌ವೆರ್ಕ್ (ವಿದ್ಯಾರ್ಥಿಗಳ ಸೌಲಭ್ಯ ನೋಡಿಕೊಳ್ಳುವ ಸಂಸ್ಥೆ) ಹಾಸ್ಟೆಲ್‌ಗೆ ಅರ್ಜಿ ಹಾಕಿ. ವೀಸಾ ಬರಲಿ ಅಂತ ಕಾಯಬೇಡಿ.

2. ಜಾಹೀರಾತು ಓದುವುದು

ಇಮ್ಮೊಸ್ಕೌಟ್, ಕ್ಲೈನ್‌ಆನ್‌ತ್ಸೈಗನ್, ಹಂಚಿಕೊಂಡ ಮನೆಯಾದರೆ ವೇಗೇ-ಗೆಸೂಖ್ಟ್. ಜನ ಹುಡುಕುವುದು ಈ ವೆಬ್‌ಸೈಟ್‌ಗಳಲ್ಲೇ. ಅಲ್ಲಿನ ನಾಲ್ಕು ಸಾಲು ಸರಿಯಾಗಿ ಓದದೆ ಹಣ ಕಳೆದುಕೊಳ್ಳುವವರೇ ಹೆಚ್ಚು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ದೊಡ್ಡ ಅಕ್ಷರದಲ್ಲಿ ಕಾಣುವ ಬಾಡಿಗೆ ಸಾಮಾನ್ಯವಾಗಿ "ಕಾಲ್ಟ್", ಅಂದರೆ ಬರೀ ಗೋಡೆಗಳ ಬಾಡಿಗೆ. ನೀರು, ಕಸ, ಮೆಟ್ಟಿಲು ಗುಡಿಸುವುದು, ಕಟ್ಟಡದ ವಿಮೆ ಎಲ್ಲ ಸೇರಿದ್ದು "ವಾರ್ಮ್". ನಿಮ್ಮ ಲೆಕ್ಕ ಯಾವಾಗಲೂ ವಾರ್ಮ್ ಮೇಲೆ ಇರಲಿ. ಅದರಲ್ಲೂ ಕರೆಂಟ್, ಇಂಟರ್ನೆಟ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಚಳಿಗೆ ಮನೆ ಕಾಯಿಸುವ ಖರ್ಚು ಬಹಳ ಕಡೆ ಸೇರಿರುತ್ತದೆ. ಆದರೆ ಮನೆಯೊಳಗೇ ಪ್ರತ್ಯೇಕ ಗ್ಯಾಸ್ ಹೀಟರ್ ಇದ್ದರೆ ಗ್ಯಾಸ್ ಬಿಲ್ ನಿಮ್ಮದೇ. ಕೇಳಿಯೇ ಮುಂದುವರಿಯಿರಿ.

ಇನ್ನೊಂದು. ಕಾಲ್ಟ್‌ಗೂ ವಾರ್ಮ್‌ಗೂ ನಡುವಿನ ಹಣ ಅಂದಾಜು ಮಾತ್ರ. ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. ಜಾಸ್ತಿ ಕಟ್ಟಿದ್ದರೆ ವಾಪಸ್, ಕಡಿಮೆ ಬಿದ್ದರೆ ಬಿಲ್. ಅಕ್ಕಪಕ್ಕದ ಜಾಹೀರಾತುಗಳಿಗಿಂತ ಈ ಅಂದಾಜು ತುಂಬಾ ಕಡಿಮೆ ಕಂಡರೆ ಖುಷಿಪಡಬೇಡಿ. ಮುಂದಿನ ವರ್ಷ ದೊಡ್ಡ ಬಿಲ್ ಬರುವ ಲಕ್ಷಣ ಅದು.

"2 ತ್ಸಿಮರ್" ಅಂದರೆ ಎರಡು ಬೆಡ್‌ರೂಮ್ ಅಲ್ಲ. ಹಾಲನ್ನೂ ಕೋಣೆ ಎಂದೇ ಎಣಿಸುತ್ತಾರೆ. ನಮ್ಮ ಒನ್ ಬಿಎಚ್‌ಕೆ ಅಂದುಕೊಳ್ಳಿ. ಆದರೆ ಆ 'ಕೆ' ಇರುತ್ತದೆ ಅಂತ ಗ್ಯಾರಂಟಿ ಇಲ್ಲ! ಅಡುಗೆಮನೆ ಎಂದು ತೋರಿಸುವ ಜಾಗದಲ್ಲಿ ನೀರಿನ ಪೈಪು, ಕರೆಂಟ್ ಪಾಯಿಂಟು ಬಿಟ್ಟು ಬೇರೇನೂ ಇಲ್ಲದ ಮನೆಗಳು ಬೇಕಾದಷ್ಟಿವೆ. ಸಿಂಕು, ಒಲೆ, ಕಪಾಟು ಎಲ್ಲ ನೀವೇ ತಂದು ಜೋಡಿಸಬೇಕು. ಹಳೆ ಬಾಡಿಗೆದಾರರು ತಮ್ಮ ಕಪಾಟುಗಳನ್ನು ನಿಮಗೆ ಮಾರಲು ನೋಡುತ್ತಾರೆ. ಹೇಳಿದ ಬೆಲೆಗೆ ಒಪ್ಪಬೇಡಿ, ಚೌಕಾಸಿ ಮಾಡಿ. ನನ್ನ ಸಲಹೆ ಕೇಳಿದರೆ, ತಿಂಗಳಿಗೆ ಐವತ್ತು ಯೂರೊ ಜಾಸ್ತಿ ಆದರೂ ಪರವಾಗಿಲ್ಲ, "ಐನ್‌ಬೌಕ್ಯೂಷೆ" (ಎಲ್ಲ ಜೋಡಿಸಿಟ್ಟ ಅಡುಗೆಮನೆ) ಎಂದು ಬರೆದಿರುವ ಮನೆಯನ್ನೇ ಹಿಡಿಯಿರಿ. ಅದರಲ್ಲೂ ಅಡುಗೆಮನೆಗೆ ಕಿಟಕಿ ಇರಲೇಬೇಕು. ಕಿಟಕಿ ಇಲ್ಲದ ಕಡೆ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ.

"ತೌಷ್‌ವೋನುಂಗ್" ಎಂದಿದ್ದರೆ ಅದು ಮನೆಗೆ ಮನೆ ಬದಲಿ. ಕೊಡಲು ನಿಮ್ಮ ಹತ್ತಿರ ಮನೆ ಇಲ್ಲ ಅಲ್ವಾ, ಬಿಟ್ಟುಬಿಡಿ. "ವೇಬೆಎಸ್" ಇದ್ದರೆ ಅದು ಕಡಿಮೆ ಆದಾಯದ ಪ್ರಮಾಣಪತ್ರ ಇರುವವರಿಗೆ. "ಬೆಫ್ರಿಸ್ಟೆಟ್" ಇದ್ದರೆ ಅವಧಿ ಮುಗಿದ ಕೂಡಲೇ ಖಾಲಿ ಮಾಡಬೇಕು.

ಇನ್ನು ಮೋಸದ ಜಾಹೀರಾತು. ನಗರದ ನಡುವೆ, ಚೆಂದದ ಫೋಟೊ, ಅರ್ಧ ಬಾಡಿಗೆ. ಮಾಲೀಕರು ಲಂಡನ್‌ನಲ್ಲಿದ್ದಾರಂತೆ, ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದಂತೆ, ನೀವು ಹಣ ಹಾಕಿದರೆ ಸಾಕಂತೆ. ಈ ಕಥೆ ವರ್ಷಗಳಿಂದ ಬದಲಾಗಿಲ್ಲ, ಆದರೂ ನಂಬುವವರಿದ್ದಾರೆ. ನೀವೋ ನಿಮ್ಮ ಸ್ನೇಹಿತರೋ ಬಾಗಿಲ ಒಳಗೆ ಕಾಲಿಡದ ಮನೆಗೆ ಒಂದು ಯೂರೊ ಸಹ ಕೊಡಬೇಡಿ. ಮನೆ ನೋಡುವ ಮೊದಲು ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ. ಅದನ್ನಿಟ್ಟುಕೊಂಡು ನಿಮ್ಮ ಹೆಸರಲ್ಲೇ ಇನ್ನೊಬ್ಬರಿಗೆ ಟೋಪಿ ಹಾಕುತ್ತಾರೆ.

3. ಕಾಗದಪತ್ರದ ಕಟ್ಟು

ಕೆಲಸದ ಒಪ್ಪಂದ, ಇದ್ದರೆ ಕೊನೆಯ ಮೂರು ಸಂಬಳ ಚೀಟಿ, ಶೂಫಾ ವರದಿ, ಹಿಂದಿನ ಮಾಲೀಕರಿಂದ ಬಾಕಿ ಇಲ್ಲ ಎಂಬ ಪತ್ರ. ಎಲ್ಲ ಒಂದೇ ಪಿಡಿಎಫ್ ಆಗಿರಲಿ. ಆರು ಅಟ್ಯಾಚ್‌ಮೆಂಟ್ ತೆರೆದು ನೋಡುವ ತಾಳ್ಮೆ ಯಾರಿಗೂ ಇಲ್ಲ.

ಶೂಫಾ ಅಂದರೆ ನಮ್ಮ ಸಿಬಿಲ್‌ನಂಥದ್ದು. ಹೊಸಬರ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಮೊದಲ ವಾರವೇ ವರದಿ ತರಿಸುವುದು ದಂಡ. "ಈಗಷ್ಟೇ ಬಂದಿದ್ದೇನೆ, ಕೆಲಸದ ಒಪ್ಪಂದ ಲಗತ್ತಿಸಿದ್ದೇನೆ" ಎಂದು ನೇರವಾಗಿ ಬರೆಯಿರಿ.

ಸಂದೇಶ ಜರ್ಮನ್‌ನಲ್ಲೇ ಇರಲಿ, ಆರೇಳು ಸಾಲು ಸಾಕು: ಯಾರು, ಎಲ್ಲಿ ಕೆಲಸ, ಸಂಬಳ ಎಷ್ಟು, ಎಷ್ಟು ಜನ, ಯಾವಾಗಿಂದ. ಜಾಹೀರಾತು ಬಿದ್ದ ಗಂಟೆಯೊಳಗೆ ಕಳಿಸಿ. ರಾತ್ರಿ ನಿಧಾನವಾಗಿ ಬರೆಯೋಣ ಅಂದುಕೊಂಡರೆ ಆ ಹೊತ್ತಿಗೆ ಅವರ ಇನ್‌ಬಾಕ್ಸ್ ತುಂಬಿರುತ್ತದೆ.

4. ಮನೆ ನೋಡುವುದು

ಹೇಳಿದ ಸಮಯಕ್ಕಿಂತ ಐದು ನಿಮಿಷ ಮೊದಲೇ ಹೋಗಿ. ಕಿಟಕಿಯ ಮೂಲೆಗಳಲ್ಲಿ ಬೂಷ್ಟು ಇದೆಯಾ ನೋಡಿ.

5. ಒಪ್ಪಂದ ಮತ್ತು ಅಡ್ವಾನ್ಸ್

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇಲ್ಲಿ ನೆಮ್ಮದಿ. ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಕಾಲ್ಟ್ 800 ಯೂರೊ ಇದ್ದರೆ ಹೆಚ್ಚೆಂದರೆ 2,400. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಮೊದಲ ಕಂತು ಬಾಡಿಗೆ ಶುರುವಾಗುವಾಗ. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ "ಮನೆ ಹಿಡಿದಿಡಲು" ಅಂತ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬ್ರೋಕರ್ ಕಮಿಷನ್ ಕೇಳಿದರೂ ಅಷ್ಟೇ. ಯಾರು ಬ್ರೋಕರನ್ನು ಕರೆದರೋ ಅವರೇ ಕೊಡಬೇಕು ಎಂಬ ನಿಯಮ 2015ರಿಂದ ಇದೆ.

ಖಾಲಿ ಮಾಡುವಾಗ ಮೂರು ತಿಂಗಳು ಮೊದಲು ನೋಟಿಸ್ ಕೊಡಬೇಕು, ಕಾಗದದ ಮೇಲೆ, ಸಹಿ ಹಾಕಿ. ಇಮೇಲ್, ವಾಟ್ಸ್‌ಆ್ಯಪ್ ಲೆಕ್ಕಕ್ಕಿಲ್ಲ. "ಇಷ್ಟು ವರ್ಷ ನೋಟಿಸ್ ಕೊಡುವಂತಿಲ್ಲ" ಎಂಬ ಸಾಲು ಒಪ್ಪಂದದಲ್ಲಿದೆಯಾ ಎಂದು ಜರ್ಮನ್ ಬಲ್ಲ ಸಹೋದ್ಯೋಗಿಯಿಂದ ಓದಿಸಿ. ಫೋನಿನ ಅನುವಾದವನ್ನೇ ನಂಬಿ ಸಹಿ ಹಾಕಬೇಡಿ.

6. ಬೀಗದ ಕೈ ಪಡೆಯುವ ದಿನ

ಮನೆ ಒಪ್ಪಿಸುವಾಗ ಒಂದು ಪಟ್ಟಿ ಬರೆಯುತ್ತಾರೆ. ಗೀರು, ಬಿರುಕು, ಸೋರುವ ನಲ್ಲಿ, ಮೀಟರ್ ರೀಡಿಂಗ್, ಎಷ್ಟು ಬೀಗದ ಕೈ, ಎಲ್ಲ ಅದರಲ್ಲಿ ಬರಲಿ. ಫೋಟೊ ತೆಗೆಯಿರಿ. "ಅದೆಲ್ಲ ಬೇಡ ಬಿಡಿ, ನಂಬಿಕೆ ಇದೆ" ಎನ್ನುವ ಮಾಲೀಕರ ಮುಂದೆಯೂ ಸಂಕೋಚ ಬೇಡ. ಪಟ್ಟಿಯಲ್ಲಿ ಇಲ್ಲದ ಗೀರಿಗೆ ಹೋಗುವಾಗ ನಿಮ್ಮ ಅಡ್ವಾನ್ಸ್‌ನಿಂದ ಮುರಿದುಕೊಳ್ಳುತ್ತಾರೆ. ಜೊತೆಗೆ ಒಂದೆರಡು ಬಲ್ಬ್, ಹೋಲ್ಡರ್ ತೆಗೆದುಕೊಂಡು ಹೋಗಿ. ಬಹಳ ಮನೆಗಳ ಚಾವಣಿಯಲ್ಲಿ ಬರೀ ವೈರ್ ನೇತಾಡುತ್ತಿರುತ್ತದೆ.

ಅಂದೇ ಬೆಲ್ ಮೇಲೆ, ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಅಂಚೆಯವರು ಹೆಸರು ನೋಡಿಯೇ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡೂ ಬರದು, ತೆರಿಗೆ ನಂಬರೂ ಬರದು.

ಹೊಸ ವಿಳಾಸಕ್ಕೆ ಮತ್ತೆ ಆನ್‌ಮೆಲ್ಡುಂಗ್ ಮಾಡಿಸಿ. ಅದಾದ ಮೇಲೆ ಟಿವಿ, ರೇಡಿಯೊ ಶುಲ್ಕ ಕೇಳುವ ಪತ್ರ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಬೇಕು, ಕಸದ ಬುಟ್ಟಿಗೆ ಹಾಕಬೇಡಿ. ಅದು ಮನೆಗೆ ಒಂದೇ ಶುಲ್ಕ. ಮೂವರು ಹಂಚಿಕೊಂಡಿದ್ದರೆ ಒಬ್ಬರು ಕಟ್ಟಿದರೆ ಸಾಕು. ಉಳಿದಿಬ್ಬರು ಕಟ್ಟುವವರ ಶುಲ್ಕದ ಖಾತೆ ನಂಬರ್ (ಬ್ಯಾಂಕಿನದ್ದಲ್ಲ) ಬರೆದು ಉತ್ತರ ಕಳಿಸಬೇಕು.