ಯುಕೆಯಲ್ಲಿ ಚಿಂಚಿಲ್ಲಾಗೆ ಹೊಟ್ಟೆ ಕೆಟ್ರೆ ಯಾರ ಹತ್ರ ಹೋಗೋದು

ಯುಕೆಗೆ ಬಂದ್ಮೇಲೆ ಮಕ್ಕಳ ಹಟಕ್ಕೋ ಸ್ವಂತ ಆಸೆಗೋ ಚಿಂಚಿಲ್ಲಾ (ಇಲಿ ಜಾತಿಯ, ದಪ್ಪ ತುಪ್ಪಳದ ಪುಟ್ಟ ಪ್ರಾಣಿ) ತಂದಿಟ್ಕೊಂಡಿದ್ರೆ, ಅದು ಚೆನ್ನಾಗಿ ತಿಂದ್ಕೊಂಡು ಕುಣೀತಿರುವಾಗ್ಲೇ ಒಂದು ವೆಟ್ ಪ್ರಾಕ್ಟೀಸಲ್ಲಿ, ಅಂದ್ರೆ ಪ್ರಾಣಿ ಡಾಕ್ಟರ ಕ್ಲಿನಿಕ್ಕಲ್ಲಿ, ಹೆಸರು ಬರೆಸಿಬಿಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಪ್ರಾಣಿಗಳಿಗಿಲ್ಲ, ಅದರ ಸಹಾಯವಾಣಿ 111ಗೆ ಫೋನ್ ಮಾಡಿದ್ರೂ ಉಪಯೋಗ ಇಲ್ಲ, ಎಲ್ಲಾ ದುಡ್ಡು ಕೊಟ್ಟೇ. ಇಲ್ಲಿ ಚಿಂಚಿಲ್ಲಾನ ಎಕ್ಸಾಟಿಕ್ (ನಾಯಿ ಬೆಕ್ಕಿನಷ್ಟು ಸಾಮಾನ್ಯವಲ್ಲದ ಸಾಕುಪ್ರಾಣಿ) ಅಂತ ಲೆಕ್ಕ ಹಾಕ್ತಾರೆ, ನಾಯಿ ಬೆಕ್ಕು ನೋಡೋ ವೆಟ್‌ಗಳಿಗೆಲ್ಲ ಇದ್ರಲ್ಲಿ ಕೈ ಪಳಗಿರಲ್ಲ, ಹಾಗಾಗಿ "ಚಿಂಚಿಲ್ಲಾ ನೋಡೋರು ಇದಾರಾ, ರಾತ್ರಿ ಯಾರು ನೋಡ್ತಾರೆ" ಅಂತ ಮುಂಚೆನೇ ಕೇಳಿ. ವೆಟ್‌ಗಳ ನಿಯಂತ್ರಣ ಸಂಸ್ಥೆ ಆರ್‌ಸಿವಿಎಸ್‌ನ ಫೈಂಡ್ ಎ ವೆಟ್ ಸೈಟಲ್ಲಿ ಹತ್ತಿರದ ಪ್ರಾಕ್ಟೀಸ್ ಹುಡುಕ್ಬಹುದು.

ಇಷ್ಟು ಅವಸರ ಯಾಕೆ ಅಂದ್ರೆ ಇದ್ರ ಕರುಳು ಯಾವಾಗ್ಲೂ ಓಡ್ತಾ ಇರ್ಬೇಕು, ಹಲ್ಲು ನೋವಿಗೋ ಭಯಕ್ಕೋ ತಿನ್ನೋದು ಬಿಟ್ರೆ ಕರುಳು ನಿಧಾನ ಆಗುತ್ತೆ, ಗ್ಯಾಸ್ ತುಂಬುತ್ತೆ, ನೋವಿಗೆ ಇನ್ನೂ ತಿನ್ನಲ್ಲ, ವಾಂತಿ ಮಾಡೋಕಂತೂ ಅದಕ್ಕೆ ಬರೋದೇ ಇಲ್ಲ. ಇದನ್ನೇ ವೆಟ್‌ಗಳು ಗಟ್ ಸ್ಟೇಸಿಸ್ ಅನ್ನೋದು. ಹಗಲು ನಿದ್ದೆ ಮಾಡೋ ಪ್ರಾಣಿ, ಸುಮ್ನೆ ಮಲಗಿದೆ ಅಂತ ಮೋಸ ಹೋಗ್ಬೇಡಿ, ಬೆಳಗ್ಗೆ ಎದ್ದು ಪಂಜರದಲ್ಲಿ ಹಿಕ್ಕೆ ನೋಡಿ. ಕಮ್ಮಿ ಆಗಿದ್ರೆ, ಸಣ್ಣಗೆ ಒಣಗಿದ್ರೆ, ಬೆನ್ನು ಗೂನು ಮಾಡಿ ಕೂತು ಹಲ್ಲು ಕಡೀತಿದ್ರೆ ಅವತ್ತೇ ಫೋನ್ ಮಾಡಿ, "ನಾಳೆ ನೋಡೋಣ" ಬೇಡ. ದೊಡ್ಡ ಚಿಂಚಿಲ್ಲಾ ಸಾಮಾನ್ಯವಾಗಿ 400ರಿಂದ 600 ಗ್ರಾಂ ಇರುತ್ತೆ, ವಾರಕ್ಕೊಂದ್ಸಲ ಅಡುಗೆ ತಕ್ಕಡೀಲಿ ತೂಗಿ ಬರೆದಿಡಿ, ರಿಸೆಪ್ಷನ್‌ನಲ್ಲಿ ಕೇಳಿದಾಗ ಆ ನಂಬರ್ ಹೇಳಿದ್ರೆ ಮಾತು ಬೇಗ ಮುಂದೆ ಹೋಗುತ್ತೆ.

ನಮ್ಮನೆ ಬುದ್ಧಿ ಓಮದ ನೀರು, ಮಜ್ಜಿಗೆ ಕಡೆ ಓಡುತ್ತೆ, ಕೊಡ್ಲೇಬೇಡಿ. ಮನೇಲಿ ಉಳಿದಿರೋ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಇನ್ನೂ ಅಪಾಯ, ಬಾಯಲ್ಲಿ ಹಾಕಿದ್ರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರ್ಬಹುದು. ಹೊಟ್ಟೆ ಬಿಗಿಯಾಗಿ ಉಬ್ಬಿದ್ರೆ ಸಿರಿಂಜಲ್ಲಿ ಬಲವಂತವಾಗಿ ತಿನ್ನಿಸೋದೂ ಬೇಡ, ಮೊದ್ಲು ವೆಟ್ ನೋಡ್ಲಿ.

ಪ್ರಾಕ್ಟೀಸ್ ಮುಚ್ಚಿದ್ರೂ ಅದೇ ನಂಬರಿಗೆ ಮಾಡಿ, ರಾತ್ರಿ ಎಲ್ಲಿಗೆ ಹೋಗ್ಬೇಕು ಅಂತ ಸಾಮಾನ್ಯವಾಗಿ ರೆಕಾರ್ಡಿಂಗಲ್ಲಿ ಹೇಳ್ತಾರೆ. 24 ಗಂಟೆ ತುರ್ತು ಪ್ರಥಮ ಚಿಕಿತ್ಸೆ, ನೋವಿಗೆ ಔಷಧಿ ಸಿಗೋ ವ್ಯವಸ್ಥೆ ಮಾಡಿರ್ಬೇಕು ಅಂತ ವೆಟ್‌ಗಳಿಗೆ ಆರ್‌ಸಿವಿಎಸ್ ನಿಯಮ ಇದೆ, ಆದ್ರೆ ರಾತ್ರಿ ಡ್ಯೂಟೀಲಿರೋರು ಎಕ್ಸಾಟಿಕ್ಸ್ ಬಲ್ಲವರೇ ಆಗಿರ್ತಾರೆ ಅಂತಿಲ್ಲ. ಫೀಸ್ ಹಗಲಿಗಿಂತ ಜಾಸ್ತಿ, ಕಾರ್ಡ್ ಜೊತೇಲಿರ್ಲಿ. ಕರ್ಕೊಂಡು ಹೋಗುವಾಗ ಬುಟ್ಟೀಲಿ ಹುಲ್ಲು ಇಡಿ, ಕಾರಿನ ಹೀಟರ್ ಜೋರಾಗಿ ಹಾಕ್ಬೇಡಿ, 25 ಡಿಗ್ರಿ ದಾಟಿದ್ರೆ ಆ ದಪ್ಪ ತುಪ್ಪಳದೊಳಗೆ ಹೀಟ್ ಸ್ಟ್ರೋಕ್ ಆಗ್ಬಹುದು.

ಅಲ್ಲಿ ನೋವಿಗೆ ಔಷಧಿ, ಡ್ರಿಪ್, ಬೇಕಾದ್ರೆ ಕರುಳು ಓಡಿಸೋ ಔಷಧಿ ಕೊಡ್ತಾರೆ, ಹಲ್ಲಿನ ಬೇರು ನೋಡೋಕೆ ಎಕ್ಸ್‌ರೇ ಅನ್ಬಹುದು. ಒಂದು ಫಾರ್ಮ್‌ಗೆ ಸೈನ್ ಹಾಕಿ ಅಂದ್ರೆ ಗಾಬರಿ ಬೇಡ, ಎಷ್ಟೋ ಔಷಧಿಗಳಿಗೆ ಚಿಂಚಿಲ್ಲಾ ಹೆಸರಲ್ಲಿ ಲೈಸೆನ್ಸ್ ಇಲ್ಲ, ಕ್ಯಾಸ್ಕೇಡ್ ಅನ್ನೋ ನಿಯಮದ ಕೆಳಗೆ ಕೊಡ್ತಾರೆ, ಅದಕ್ಕೆ ನಿಮ್ಮ ಒಪ್ಪಿಗೆ. ಊರಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಹೆಸರು ಹೇಳಿ ತಗೊಂಡಂಗೆ ಇಲ್ಲಿ ಆಗಲ್ಲ. ಆದ್ರೆ ತುಂಬಾ ದಿನ ಕೊಡೋ ಔಷಧಿ ಆದ್ರೆ ಚೀಟಿ ಬರೆದುಕೊಡಿ ಅಂತ ಕೇಳೋ ಹಕ್ಕಿದೆ, ಚೀಟಿಗೆ ಫೀಸ್ ಇರುತ್ತೆ, ಅದು ಸೇರಿಸಿಯೂ ಆನ್‌ಲೈನ್ ಫಾರ್ಮಸೀಲಿ ಅಗ್ಗ ಬೀಳುತ್ತಾ ಅಂತ ಲೆಕ್ಕ ಹಾಕಿ. ಎಸ್ಟಿಮೇಟ್ ಕೇಳೋಕೂ ನಾಚ್ಕೋಬೇಡಿ, ಇಲ್ಲಿ ಅದು ಮಾಮೂಲಿ.

ಇನ್ಶೂರೆನ್ಸ್ ಎಕ್ಸಾಟಿಕ್ಸ್‌ಗೆ ಕೆಲವರು ಮಾತ್ರ ಕೊಡ್ತಾರೆ, ಒಂದ್ಸಲ ಹೊಟ್ಟೆ ಕೆಟ್ಟಿದ್ದು ದಾಖಲೆಗೆ ಬಂದ್ಮೇಲೆ ಅದೇ ತೊಂದ್ರೆಗೆ ಹೊಸ ಪಾಲಿಸೀಲಿ ಕ್ಲೈಮ್ ಸಿಗೋದು ಕಷ್ಟ, ಹಾಗಾಗಿ ಮುಂಚೆನೇ ಮಾಡ್ಸಿ.

ಮನೆಗೆ ಕಳಿಸುವಾಗ ರಿಕವರಿ ಪುಡಿ (ನೀರಲ್ಲಿ ಕಲಸಿ ಸಿರಿಂಜಲ್ಲಿ ತಿನ್ನಿಸೋ ಆಹಾರ) ಕೊಟ್ರೆ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ, ಎಷ್ಟೊತ್ತಲ್ಲಿ ಹಿಕ್ಕೆ ಬರದಿದ್ರೆ ವಾಪಸ್ ಬರ್ಬೇಕು ಅಂತ ಬರೆಸ್ಕೊಂಡೇ ಹೊರಡಿ.