ಪರೀಕ್ಷೆ ಬರೆಯಲು ಸಹಾಯಕರು ಬೇಕಾದಾಗ ಕೇಳುವುದು ಹೇಗೆ?

"ಅಂಗವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ, ಹಾಗಾಗಿ ಬರೆಯಲು ಸಹಾಯಕರನ್ನು ಕೊಡಲಾಗದು" ಎಂಬ ಉತ್ತರ ಕೇಳಿ ಹಿಂದಿರುಗಿದ ಅಭ್ಯರ್ಥಿಗಳು ದಾವಣಗೆರೆ ಜಿಲ್ಲೆಯಲ್ಲಿ ಯಾರೇ ಇರಲಿ, ಆ ಉತ್ತರ ಇಂದು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ್ದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಈ ಗಂಟನ್ನು ಬಿಡಿಸಿತು. ಶೇ 40ರ ಮಿತಿ ಮೀಸಲಾತಿಯಂತಹ ಸೌಲಭ್ಯಗಳಿಗೆ ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ಅಗತ್ಯವಾದ ಅನುಕೂಲ ಕಲ್ಪಿಸುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಅದಕ್ಕಿಂತ ವಿಶಾಲವಾದ ಹಕ್ಕು. 2025ರ ಫೆಬ್ರುವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೂ ಇದನ್ನೇ ಗಟ್ಟಿಗೊಳಿಸಿತು.

ಮೊದಲ ಕೆಲಸ ಪ್ರಮಾಣಪತ್ರದ್ದು. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅಂಗವೈಕಲ್ಯದ ಶೇಕಡಾವಾರು ಪ್ರಮಾಣವನ್ನು ಹೇಳುತ್ತದೆಯೇ ಹೊರತು ಕೈಯಿಂದ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಹೇಳುವುದಿಲ್ಲ. ಪರೀಕ್ಷೆಗಳ ಕುರಿತು ಕೇಂದ್ರ ಸರ್ಕಾರದ ಈಗ ಜಾರಿಯಲ್ಲಿರುವ ಮಾರ್ಗಸೂಚಿಯಲ್ಲಿ ಇದಕ್ಕೆಂದೇ ಒಂದು ನಮೂನೆಯಿದೆ. ಅದನ್ನು ಮುದ್ರಿಸಿಕೊಂಡು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಬರೆಯುವ ತೊಂದರೆಯನ್ನು ಸ್ಪಷ್ಟವಾಗಿ ನಮೂದಿಸುವಂತೆ ವೈದ್ಯರನ್ನು ಕೋರಬೇಕು. ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವೂ ಅದೇ ಮಾರ್ಗಸೂಚಿಯಲ್ಲಿದೆ.

ಆಮೇಲೆ ಅರ್ಜಿ. ಪರೀಕ್ಷಾ ಪ್ರಾಧಿಕಾರಕ್ಕೆ ಅಧಿಸೂಚನೆಯ ಗಡುವಿನೊಳಗೆ ಪ್ರಮಾಣಪತ್ರ ಲಗತ್ತಿಸಿ, ತೀರ್ಪಿನ ಹೆಸರು ಮತ್ತು ದಿನಾಂಕ ಬರೆದು, ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ನಿರಾಕರಣೆಗೆ ತಲೆಯಾಡಿಸಿ ಬರಬಾರದು, ಲಿಖಿತ ಉತ್ತರವನ್ನೇ ಕೇಳಬೇಕು. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಆ ಕಾಗದದ ಮೇಲೆ.

ಸರ್ಕಾರಿ ಉದ್ಯೋಗದ ಪರೀಕ್ಷೆಯಲ್ಲಿ ನಿರಾಕರಿಸಿದರೆ, ಆ ಸಂಸ್ಥೆಯಲ್ಲಿ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಇರಬೇಕಾದ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ದೂರು ದಾಖಲಾದ ಎರಡು ವಾರಗಳಲ್ಲಿ ವಿಚಾರಣೆ ನಡೆಸುವುದು ಅವರ ಕರ್ತವ್ಯ. ರಾಜ್ಯ ಅಂಗವಿಕಲರ ಆಯುಕ್ತರಿಗೂ ಬರೆಯಬಹುದು. ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿಯೇ ದಾರಿ: ಧಾರವಾಡ ಹತ್ತಿರವಿದ್ದರೂ ದಾವಣಗೆರೆ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತದೆ. ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಇದೆಲ್ಲವೂ ಪರೀಕ್ಷೆಗೆ ಮೊದಲೇ ಆಗಬೇಕು ಎಂದು ಒತ್ತಿ ಹೇಳಲು ಕಾರಣವಿದೆ. 2021ರ ನೀಟ್‌ನಲ್ಲಿ ಹೆಚ್ಚುವರಿ ಒಂದು ಗಂಟೆ ಸಿಗದ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಅನ್ಯಾಯವಾಗಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಆದ್ದರಿಂದ ಅನುಮತಿ ಪತ್ರದ ಎರಡು ಪ್ರತಿ ಕೈಯಲ್ಲಿಟ್ಟುಕೊಂಡು, ಕೇಂದ್ರದ ಮೇಲ್ವಿಚಾರಕರಿಗೆ ಹಿಂದಿನ ದಿನವೇ ಒಂದನ್ನು ತಲುಪಿಸಿ.